ಒಬ್ಬ ಭಗಿನಿ ಹೋಗಿದ್ದಳು

೪ ಜನವರಿ ೨೦೨೪, ಗುರುವಾರ. ಬ್ಯಾಡಗಿ

ಕೂಡಿದ ಮಹಾಜನಗಳೇ! ಮುಂದಿನ ಕುರ್ಚಿಯ ಹಿರಿಯರೇ, ಚಾಪೆಯ ಮೇಲಿನ ತಾಯಂದಿರೇ, ಗೋಡೆ ಹತ್ತಿ ಕುಳಿತ ಪುಕ್ಕಟೆ ಪ್ರೇಕ್ಷಕರೇ! ಗದ್ದಲ ನಿಲ್ಲಲಿ! ಹಾಲೇಶಪ್ಪ ಬಂದಿದ್ದಾನೆ!

ಈ ನೋಟ್‌ಬುಕ್ಕಿನ ಎದುರು ಯಾರೂ ಕುಳಿತಿಲ್ಲ, ಬಲ್ಲೆ. ನಾನೇ ಬರೆದು ನಾನೇ ಮುಚ್ಚಿಡುವ ಪುಸ್ತಕವಿದು. ಆದರೆ ನಾನು ಹುಟ್ಟಿದ್ದು ನಾಟಕ ಕಂಪನಿಯ ಬಿಡಾರದಲ್ಲಿ. ನನ್ನ ತೊಟ್ಟಿಲು ತೂಗಿದ್ದು ಪರದೆಯ ಹಗ್ಗದಲ್ಲಿ. ಅರವತ್ತೇಳು ವರ್ಷವಾದರೂ, ಎದುರಿಗೆ ಜನ ಇದ್ದಾರೆಂದು ಅಂದುಕೊಳ್ಳದೆ ಈ ಕೈಯಿಂದ ಒಂದು ಸಾಲೂ ಹೊರಡುವುದಿಲ್ಲ.

ಸಂಗತಿ ಕೇಳಿರಿ. ಇಂದು ಬೆಳಿಗ್ಗೆ ರಾಣೇಬೆನ್ನೂರಿನ ಕಾನ್ವೆಂಟಿನಿಂದ ಫೋನು ಬಂತು. ದೀಪಮಾತೆಯ ಭಗಿನಿಯರು ಅಲ್ಲಿಗೆ ಬಂದು ದವಾಖಾನೆ, ಶಾಲೆ, ಹಾಸ್ಟೆಲು ಕಟ್ಟಿ ಎಪ್ಪತ್ತೈದು ವರ್ಷವಾಯಿತಂತೆ. ಫೆಬ್ರವರಿ ಎರಡು ಅವರಿಗೆ ಮೇಣಬತ್ತಿಗಳ ಹಬ್ಬ. ಅಂದು ಹಾವೇರಿಯ ರಂಗಮಂದಿರದಲ್ಲಿ ಅವರ ಚರಿತ್ರೆಯ ನಾಟಕ. ಹಾಸ್ಟೆಲಿನ ಹುಡುಗಿಯರು ಆಡುತ್ತಾರೆ. ಬರೆದು ಕಲಿಸುವವರು?

"ನಿಮ್ಮನ್ನ ಬಿಟ್ಟು ಈ ಜಿಲ್ಲಾದಾಗ ಯಾರದಾರ್ರಿ ಮಾಸ್ತರ?" ಎಂದರು ಹಿರಿಯ ಸಿಸ್ಟರ್ ಜಸಿಂತಾ. ಮಂಗಳೂರ ಕಡೆಯವರು, ಇಪ್ಪತ್ತು ವರ್ಷದಲ್ಲಿ ನಮ್ಮ ಮಾತನ್ನು ಪೂರಾ ಕಲಿತಿದ್ದಾರೆ.

ಹೆಂಡತಿ ಬಸವಣ್ಣೆವ್ವ ಪಡಸಾಲೆಯಲ್ಲಿ ಕೂತು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದಳು. ಮೆಣಸಿನಕಾಯಿ ಬರುವ ಕಾಲ. ಈಗ ಬ್ಯಾಡಗಿಯಲ್ಲಿ ಉಸಿರಾಡುವವರೆಲ್ಲ ಸೀನುವವರೇ.

"ಸಿಸ್ಟರ್‌ಗೋಳ ನಾಟಕದಾಗ ಗಂಡಸರ ಪಾರ್ಟ್ ಎಲ್ಲಿರತೈತಿ? ನೀವೇನ್ ಮಾಡ್ತೀರಿ?" ಎಂದಳು.

"ಸೂತ್ರಧಾರ!" ಎಂದು ಗರ್ಜಿಸಿದೆ. "ನಾಂದಿಯಿಂದ ಮಂಗಳದವರೆಗೆ ರಂಗದ ಮೇಲೆ ನಿಲ್ಲುವವನು!"

"ಸಾವಕಾಶ ಒದರ್ರಿ. ಮೆಣಸಿನಕಾಯಿ ಹಾರ್ತಾವು."

ನಾನು ರಂಗ ಹತ್ತದೆ ಏಳು ವರ್ಷವಾಯಿತು. ಇದೇ ಕೊನೆಯದೂ ಆಗಬಹುದು. ಆದ್ದರಿಂದ ಸಭೆಯ ಮುಂದೆ ಸಾರುತ್ತೇನೆ: ಆ ಪಾತ್ರ ನನ್ನದು. ಯಾರಿಗೂ ಬಿಡುವವನಲ್ಲ.

೬ ಜನವರಿ, ಶನಿವಾರ

ಕಾನ್ವೆಂಟಿಗೆ ಹೋಗಿ ಬಂದೆ. ಗೇಟು ತೆಗೆದವನು ಯಾರು? ಉಡಚಪ್ಪ!

ಮಹಾಜನಗಳೇ, ಇವನ ಪರಿಚಯ ನಿಮಗೆ ಬೇಕು. ನಮ್ಮ ಕಂಪನಿಯಲ್ಲಿ ಪರದೆ ಎಳೆಯುತ್ತಿದ್ದವನು. ಮೂವತ್ತೆರಡು ವರ್ಷದ ಹಿಂದೆ ಕಾಗಿನೆಲೆಯ ಆಟದಲ್ಲಿ, ನನ್ನ ಕೊನೆಯ ಮಹಾಮಾತು ಅರ್ಧಕ್ಕೆ ಬಂದಿದ್ದಾಗ, ಸಾವಿರ ಜನ ಉಸಿರು ಬಿಗಿ ಹಿಡಿದಿದ್ದಾಗ, ದಡ್ಡೆಂದು ಪರದೆ ಬಿಟ್ಟ ಪಾಪಿ! ಅಂದೇ ಅವನ ಜೊತೆ ಮಾತು ಬಿಟ್ಟೆ. ಕಂಪನಿ ಮುಚ್ಚಿದ ಮೇಲೆ ಈ ಕಾನ್ವೆಂಟಿನ ಗಿಡಗಳಿಗೆ ನೀರು ಹಾಕಿಕೊಂಡು ಇಲ್ಲೇ ಇದ್ದಾನಂತೆ.

"ಆರಾಮ ಅದೀರೇನ್ರಿ ಅಣ್ಣಾರ?" ಎಂದ. ದನಿಯೋ, ಬಾಗಿಲ ಸಂದಿಯಲ್ಲಿ ಬಂದ ಗಾಳಿ.

"ಹೂಂ" ಎಂದೆ. ಮೂವತ್ತೆರಡು ವರ್ಷಕ್ಕೆ ಅಷ್ಟು ಸಾಕು.

ಚಹಾ ಬಂತು. ಮೊದಲ ಕಪ್ಪನ್ನು ಸಿಸ್ಟರ್ ಜಸಿಂತಾ ಅವನಿಗೆ ಕೊಟ್ಟರು. ಎರಡನೆಯದು ನನಗೆ. ಅವನ ಕಪ್ಪಿನ ಕೆಳಗೆ ಬಸಿ ಇತ್ತು. ನನ್ನದಕ್ಕೆ ಇರಲಿಲ್ಲ. ನೋಡಿದೆ. ನೋಡದವನಂತೆ ಇದ್ದೆ.

ಆಮೇಲೆ ಮೂರು ದಪ್ಪ ಪುಸ್ತಕ ತಂದಿಟ್ಟರು. ಹೊದಿಕೆಯ ಮೇಲೆ 'ಮನೆಯ ವೃತ್ತಾಂತ' ಎಂದಿತ್ತು. ಬಂದ ಮೊದಲ ದಿನದಿಂದ, ಒಬ್ಬರಲ್ಲ ಒಬ್ಬರು ಸಿಸ್ಟರ್ ದಿನಕ್ಕಿಷ್ಟು ಬರೆದುಕೊಂಡು ಬಂದದ್ದು.

"ಇಲ್ಲೇ ಕುಂತು ಓದ್ರಿ ಮಾಸ್ತರ. ಇವನ್ನ ಹೊರಗ ಒಯ್ಯಾಂಗಿಲ್ರಿ."

ವರಾಂಡದಲ್ಲಿ ಸಿಸ್ಟರ್ ಅಪೋಲಿನ್ ಹರಿದ ತಲೆದಿಂಬಿಗೆ ಹೊಲಿಗೆ ಹಾಕುತ್ತ ಕೂತಿದ್ದರು. ಎಂಬತ್ತೇಳು ವರ್ಷ. ಈ ಮನೆಯಲ್ಲಿ ಎಲ್ಲರಿಗಿಂತ ಹಳಬರು. ಕಿವಿ ಕೇಳುತ್ತದೋ ಇಲ್ಲವೋ ಎಂದು ಸ್ವಲ್ಪ ಜೋರಾಗಿ ನಮಸ್ಕಾರ ಮಾಡಿದೆ.

"ಕೇಳತೈತ್ರಿ," ಎಂದರು. "ಈಗ ಹಾವೇರ್ಯಾಗೂ ಕೇಳ್ತು."

೯ ಜನವರಿ, ಮಂಗಳವಾರ

ಅಯ್ಯೋ ದೈವವೇ! ಈ ವೃತ್ತಾಂತದಲ್ಲಿ ಯಾರ ಹೆಸರೂ ಇಲ್ಲ!

೧೯೬೬ರ ಒಂದು ದಿನ: 'ಒಬ್ಬ ಭಗಿನಿ ಹೆರಿಗೆ ಮಾಡಿಸಲು ದೇವರಗುಡ್ಡಕ್ಕೆ ನಡೆದು ಹೋದಳು. ಕಲ್ಲು ತಾಗಿ ಹೆಬ್ಬೆರಳು ಒಡೆಯಿತು. ತಾಯಿ ಉಳಿದಳು, ಕೂಸು ಉಳಿಯಿತು. ಅವರು ಕೊಟ್ಟ ರೊಟ್ಟಿಯನ್ನು ದಾರಿಯಲ್ಲಿ ಕಂಡ ಮುದುಕಿಗೆ ಕೊಟ್ಟು, ಬರುವಾಗ ಹಸಿದುಕೊಂಡೇ ಬಂದಳು.' ಹೀಗೆ ಒಂದೂವರೆ ಪುಟ. ಯಾರು ಆ ಭಗಿನಿ? ಗೊತ್ತಿಲ್ಲ.

೧೯೬೪ರ ಜುಲೈ. ತುಂಗಭದ್ರೆ ಉಕ್ಕಿ ಮೇಡ್ಲೇರಿಯ ಕಡೆ ಮನೆಗಳಿಗೆ ನೀರು ನುಗ್ಗಿದೆ. ಎಂಥ ದೃಶ್ಯ! ಒಂದು ಅಂಕವನ್ನೇ ಬರೆಯಬಹುದು. ಪುಸ್ತಕದಲ್ಲಿ ಇರುವುದಿಷ್ಟು: 'ಮೇಡ್ಲೇರಿ ಕಡೆ ಹೊಳೆ ಬಂದಿತ್ತು. ಒಬ್ಬ ಭಗಿನಿ ಹೋಗಿದ್ದಳು. ಛತ್ರಿ ಕಳೆದಿದೆ.' ಮುಗಿಯಿತು! ಅದರ ಹಿಂದಿನ ಕೆಲವು ಹಾಳೆಗಳಂತೂ ಖಾಲಿಯೇ ಇವೆ. ಶಾಯಿ ಮುಗಿದಿತ್ತೋ ಏನೋ.

ಸಿಸ್ಟರ್ ಜಸಿಂತಾರನ್ನು ಕೇಳಿದೆ.

"ಬರ್ಯಾಕಿ 'ನಾನು' ಅಂತ ಬರ್ಯೂದಿಲ್ರಿ. ಮಾಡಿದಾಕಿ ಹೆಸರೂ ಹಾಕೂದಿಲ್ಲ. ಮೊದಲಿಂದ ಹಂಗ ನಡ್ಕೊಂತ ಬಂದೈತಿ."

"ಹೆಸರಿಲ್ಲದ ಮ್ಯಾಲ ನಾಯಕಿನ್ನ ಹೆಂಗ ಕಟ್ಲಿ ಸಿಸ್ಟರಮ್ಮಾ? ಹೊಳ್ಯಾಗ ಇಳದಾಕಿ ಯಾರು?"

"ನಾ ಹುಟ್ಟಿದ್ದಿಲ್ರಿ ಆವಾಗ."

ಸಿಸ್ಟರ್ ಅಪೋಲಿನ್ ಸೂಜಿಯಿಂದ ಕಣ್ಣೆತ್ತದೆ, "ಛತ್ರಿ ಕಳದದ್ದು ಬರದೈತೆಲ್ಲಾ, ಅದು ಸಾಲೂದಿಲ್ಲೇನ್ರಿ ಮಾಸ್ತರ ನಿಮಗ?" ಎಂದು ನಕ್ಕರು. ಆಮೇಲೆ ನಾಟಕಕ್ಕೆ ಬೇಕಾದ ಸಾಮಾನಿನ ಪಟ್ಟಿಯನ್ನು ತಾವೇ ಚೀಟಿಯಲ್ಲಿ ಬರೆದುಕೊಟ್ಟರು: ಎಂಟು ಬಿಳಿ ಸೀರೆ, ಒಂದು ಕಂದೀಲು, ಒಂದು ಛತ್ರಿ. ಈ ವಯಸ್ಸಿನಲ್ಲೂ ಅಕ್ಷರ ಒಂದರ ಮೇಲೊಂದು ಬೀಳುವುದಿಲ್ಲ. 'ಳ'ಕಾರದ ಬಾಲ ಮಾತ್ರ ಕೆಳಗಿನ ಸಾಲಿನವರೆಗೆ ಇಳಿಯುತ್ತದೆ.

ನಾಯಕಿಯ ಸಮಸ್ಯೆ ಬಸ್ಸಿನಲ್ಲಿ ಬಗೆಹರಿಯಿತು. ಹಜಾರದ ಗೋಡೆಯ ಮೇಲೆ ಮೊದಲ ಹಿರಿಯರಾದ ಮದರ್ ಸೆರಫಿನಾ ಅವರ ದೊಡ್ಡ ಫೋಟೊ ಇದೆ. ಮೂಗು, ಕಣ್ಣು, ನಿಲುವು ಎಲ್ಲ ಮಹಾರಾಣಿಯದು. ಹೆರಿಗೆ, ಹೊಳೆ, ಶಾಲೆ, ಬಾವಿ, ಎಲ್ಲವನ್ನೂ ಅವರಿಗೇ ಕೊಟ್ಟುಬಿಟ್ಟೆ!

೧೪ ಜನವರಿ, ಭಾನುವಾರ

ಸಭಿಕರೇ, ಎದೆ ಗಟ್ಟಿ ಮಾಡಿಕೊಂಡು ಕೇಳಿರಿ. ಇಂದು ಹಾಸ್ಟೆಲಿನ ಹಜಾರದಲ್ಲಿ ನಾಟಕ ಓದಿದೆ. ಕೂತು ಅಲ್ಲ, ನಿಂತು. ನಿಂತು ಅಲ್ಲ, ಆಡಿ!

"ಎಲೈ ತುಂಗಭದ್ರೆಯೇ! ಉಕ್ಕು, ನಿನ್ನ ಸೊಕ್ಕು ಎಷ್ಟಿದೆಯೋ ಅಷ್ಟೂ ಉಕ್ಕು! ಈ ಸೆರಫಿನಾಳ ಎದೆಯೊಳಗಿನ ಪ್ರವಾಹದ ಮುಂದೆ ನಿನ್ನದೊಂದು ಹಳ್ಳ!"

ಐದನೆಯ ತರಗತಿಯ ಒಬ್ಬಳು ಅತ್ತಳು. ಅಂಗಳದ ನಾಯಿ ಗೇಟು ದಾಟಿ ಓಡಿತು. ಸಿಸ್ಟರ್ ಅಪೋಲಿನ್ ಕಣ್ಣು ಮುಚ್ಚಿ ಕುಳಿತಿದ್ದರು. ನಿದ್ದೆ ಎಂದುಕೊಂಡೆ.

ನೀರು ಕುಡಿಯಲು ನಿಲ್ಲಿಸಿದೆ. ಆಗ ಭುವನಾ ಎಂಬ ಎಂಟನೆಯ ತರಗತಿಯ ಹುಡುಗಿ, "ಉಡಚಪ್ಪ ಕಾಕಾ, ಆ ಛತ್ರೀದು ನೀವು ಹೇಳ್ರಿ," ಎಂದಳು. ಅವನು ಬಾಗಿಲಲ್ಲಿ ನಿಂತೇ, ಕೈಯ ಮಣ್ಣು ಒರೆಸಿಕೊಳ್ಳುತ್ತ ಹೇಳಿದ: "ಹೊಳಿ ಬಂದಿತ್ತವ್ವಾ. ಒಬ್ಬ ಸಿಸ್ಟರ್ ಹೋಗಿದ್ರು. ಬರೂಮುಂದ ಅವರ ಹಂತ್ಯಾಕ ಛತ್ರಿ ಇದ್ದಿದ್ದಿಲ್ಲ. ಯಾರಿಗೆ ಕೊಟ್ಟು ಬಂದ್ರೋ, ಯಾರೂ ಕೇಳಲಿಲ್ಲ."

ಅಷ್ಟೇ. ಒಂದು ಅಭಿನಯವಿಲ್ಲ, ಒಂದು ಏರಿಳಿತವಿಲ್ಲ. ಅರವತ್ತು ಹುಡುಗಿಯರು ಮಿಸುಕಲಿಲ್ಲ. ಸಿಸ್ಟರ್ ಅಪೋಲಿನ್ ಕಣ್ಣು ತೆರೆದಿದ್ದರು.

ಹೊರಡುವಾಗ ಸಿಸ್ಟರ್ ಜಸಿಂತಾ ನನ್ನನ್ನು ಪಕ್ಕಕ್ಕೆ ಕರೆದರು. "ಮಾಸ್ತರ, ಸಿಟ್ಟಾಗಬ್ಯಾಡ್ರಿ. ಹುಡುಗ್ಯಾರಿಗೆ ಕಲಿಸೂದು ನೀವ. ಆದ್ರ ಸೂತ್ರಧಾರನ ಪಾರ್ಟ್ ಉಡಚಪ್ಪ ಮಾಡ್ಲಿ."

ನನಗೆ ಕೇಳಿಸಿದ್ದು ಇಷ್ಟೇ: ದಡ್ಡೆಂದು ಪರದೆ ಬಿದ್ದ ಸದ್ದು.

೧೫ ಜನವರಿ, ಸೋಮವಾರ

ಸಂಕ್ರಾಂತಿ. ಹೋಗಲಿಲ್ಲ.

೧೭ ಜನವರಿ, ಬುಧವಾರ

ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಮಿಕ್ಕಿದ್ದವು. ತಿನ್ನಲು ಮನಸ್ಸಾಗಲಿಲ್ಲ. ಬಸವಣ್ಣೆವ್ವ, "ಪಾರ್ಟ್ ಹೋದ್ರ ಹೋಗ್ಲಿ, ಹೊಟ್ಟಿಗ್ಯಾಕ ಶಿಕ್ಷಾ?" ಎಂದಳು. ರೊಟ್ಟಿ ನನ್ನ ಮುಂದೆ ಸರಿಸಿ, "ಉಡಚಪ್ಪ ಖರೇನ ಛಲೋ ಹೇಳ್ತಾನೇನು?" ಎಂದು ಕೇಳಿದಳು.

ರೊಟ್ಟಿ ಮುರಿದು ಬಾಯಿಗೆ ತುಂಬಿಕೊಂಡೆ. ಇಲ್ಲದಿದ್ದರೆ ಹೌದು ಎನ್ನಬೇಕಾಗುತ್ತಿತ್ತು.

ಮಹಾಜನಗಳೇ, ನನ್ನ ಗಂಟಲು ಅವನಿಗೆ ಇದ್ದಿದ್ದರೆ ನಾನು ಇಷ್ಟು ಉರಿಯುತ್ತಿರಲಿಲ್ಲ. ಏನೂ ಇಲ್ಲದವನು ನನ್ನಿಂದ ಕಿತ್ತುಕೊಂಡನಲ್ಲ!

೨೦ ಜನವರಿ, ಶನಿವಾರ

ತಾಲೀಮಿಗೆ ಹೋದೆ. ಹುಡುಗಿಯರಿಗೆ ನಡಿಗೆ ಕಲಿಸಿದೆ. ಉಡಚಪ್ಪ ಮೂಲೆಯಲ್ಲಿ ಕೂತು ಎರಡನೆಯ ಪುಸ್ತಕವನ್ನು ಬೆರಳಿಟ್ಟು ಓದುತ್ತಿದ್ದ. ನಾನು ಬರೆದ ಸೂತ್ರಧಾರನ ಮಾತು ಅವನ ಬಾಯಿಗೆ ಹೊಂದುವುದಿಲ್ಲವಂತೆ. ವೃತ್ತಾಂತದ ಸಾಲುಗಳನ್ನೇ ಬಾಯಿಪಾಠ ಮಾಡಿ ಹೇಳುತ್ತಾನಂತೆ. ನನ್ನ ಮಾತನ್ನೂ ತೆಗೆದರು!

ನಾಲ್ಕು ಗಂಟೆಗೆ ಅವನು ಗಿಡಗಳಿಗೆ ನೀರು ಬಿಡಲು ಹೋದ. ಸಿಸ್ಟರುಗಳು ಪ್ರಾರ್ಥನೆಗೆ ಹೋದರು. ಪುಸ್ತಕ ಬೆಂಚಿನ ಮೇಲಿತ್ತು.

ಈಗ ಅದು ನನ್ನ ಕಿರೀಟಗಳ ಪೆಟ್ಟಿಗೆಯ ತಳದಲ್ಲಿದೆ. ಹೇಳಲಿ ಈಗ, ಏನು ಹೇಳುತ್ತಾನೋ!

೨೩ ಜನವರಿ, ಮಂಗಳವಾರ

ಕಾನ್ವೆಂಟಿನಲ್ಲಿ ಹುಡುಕಾಟ. ಕಪಾಟು, ಅಡುಗೆಮನೆ, ಪ್ರಾರ್ಥನಾಮಂದಿರದ ಬೆಂಚುಗಳ ಕೆಳಗೆ. ಸಿಸ್ಟರ್ ಜಸಿಂತಾರ ಮುಖ ಬಾಡಿತ್ತು. "ಮಾಸ್ತರ, ನೀವೇನರ ನೋಡೀರೇನ್ರಿ?"

"ನಾನೇ? ಇಲ್ಲ!" ಎಂದೆ. ಎಂಥ ಅಭಿನಯ! ಹುಬ್ಬು ಏರಿತು, ಅಂಗೈ ತೆರೆಯಿತು. ಯಾರಿಗೂ ಸಂಶಯ ಬರಲಿಲ್ಲ.

ಆದರೆ ಆಮೇಲೆ ಏನಾಯಿತು ಗೊತ್ತೇ? ಉಡಚಪ್ಪ ಮುಂದೆ ಬಂದು, ತಲೆಯ ಟವೆಲು ತೆಗೆದು, "ತಪ್ಪು ನಂದರಿ ಸಿಸ್ಟರ್. ಕಡೀಕ ನನ್ನ ಕೈಯಾಗ ಇತ್ತು. ಎಲ್ಲೆರ ಇಟ್ಟು ಮರತಿರಬೇಕು. ಹುಡುಕಿ ಕೊಡ್ತೀನಿ," ಎಂದ. ಹುಡುಗಿಯರೆಲ್ಲ ಅವನ ಸುತ್ತ ನಿಂತರು. "ಸಿಗತೈತಿ ಬಿಡ್ರಿ ಕಾಕಾ."

ಕಳವು ಮಾಡಿದ್ದು ನಾನು, ಸಭಿಕರೇ! ಅದರಲ್ಲೂ ನಾಯಕನ ಪಾತ್ರ ಅವನಿಗೇ ಹೋಯಿತು!

೨೫ ಜನವರಿ, ಗುರುವಾರ

ಪರದೆ ಸರಿಯಲಿ! ಗುಟ್ಟು ಬಯಲಾಗುತ್ತಿದೆ!

ಬಸವಣ್ಣೆವ್ವ ಮಾರುಕಟ್ಟೆಗೆ ಹೋದ ಮೇಲೆ ಪೆಟ್ಟಿಗೆ ತೆರೆದು ಪುಸ್ತಕವನ್ನು ಹೊರತೆಗೆದೆ. ಸುಮ್ಮನೆ ತಿರುವಿದೆ. ಆ ಖಾಲಿ ಹಾಳೆಗಳು ಬಂದವು. ಅವು ಪೂರ್ತಿ ಖಾಲಿಯಲ್ಲ. ಮೇಲೆ ತಾರೀಖು ಬರೆದಿದೆ, ಕೆಳಗೆ ಏನೂ ಇಲ್ಲ. ಎಣಿಸಿದೆ. ಒಂಬತ್ತು ದಿನ. ಒಂದು ದಿನವೂ ತಪ್ಪದ ಪುಸ್ತಕದಲ್ಲಿ ಒಂಬತ್ತು ದಿನ ಖಾಲಿ, ಹತ್ತನೆಯ ದಿನ ಮೇಡ್ಲೇರಿಯ ಆ ಸಾಲು.

ಹಾಗಾದರೆ ಆ ಒಂಬತ್ತು ದಿನ ಬರೆಯುವವಳೇ ಮನೆಯಲ್ಲಿ ಇರಲಿಲ್ಲ! ಹೊಳೆಗೆ ಹೋದ 'ಒಬ್ಬ ಭಗಿನಿ' ಎಂದರೆ ಬರೆದವಳೇ!

ಅಕ್ಷರ ನೋಡಿದೆ. 'ಳ'ಕಾರದ ಬಾಲ ಕೆಳಗಿನ ಸಾಲಿನವರೆಗೆ ಇಳಿದಿದೆ. ಜೇಬಿನಿಂದ ಆ ಸಾಮಾನಿನ ಚೀಟಿ ತೆಗೆದು ಪಕ್ಕದಲ್ಲಿಟ್ಟೆ. ಅದೇ ಕೈ. ಸಿಸ್ಟರ್ ಅಪೋಲಿನ್!

ನಾನು ಅವರ ಹೊಳೆಯನ್ನು ಫೋಟೊದ ಮದರಿಗೆ ಕೊಟ್ಟು ಅವರೆದುರೇ ಕೂಗಾಡಿದ್ದೆ. ಅವರು ಕಣ್ಣು ಮುಚ್ಚಿ ಕೇಳಿಕೊಂಡಿದ್ದರು.

ಸರಿ! ಎರಡನೆಯ ತಾರೀಖು ಉಡಚಪ್ಪ ತನ್ನ ಗಾಳಿಯ ದನಿಯಲ್ಲಿ "ಒಬ್ಬ ಸಿಸ್ಟರ್ ಹೋಗಿದ್ರು" ಎಂದ ಕ್ಷಣ, ನಾನು ರಂಗಕ್ಕೆ ನುಗ್ಗುತ್ತೇನೆ. "ಆಕೆ ಯಾರು ಬಲ್ಲಿರಾ? ಇಗೋ, ಇಲ್ಲೇ ಕುಳಿತಿದ್ದಾರೆ!" ಚಪ್ಪಾಳೆಗೆ ಹಾವೇರಿ ನಡುಗಬೇಕು. ಆಮೇಲೆ ಯಾರಿಗೆ ನೆನಪಿರುತ್ತಾನೆ ಆ ಸೂತ್ರಧಾರ?

೨೬ ಜನವರಿ, ಶುಕ್ರವಾರ

ಧ್ವಜ ಹಾರಿಸಿ ಹುಡುಗಿಯರು ಬೂಂದಿ ತಿನ್ನುತ್ತಿದ್ದರು. ಸಿಸ್ಟರ್ ಅಪೋಲಿನ್ ವರಾಂಡದಲ್ಲಿ ಒಬ್ಬರೇ ಇದ್ದರು. ಒಪ್ಪಿಗೆ ಕೇಳುವುದಲ್ಲ, ಬರಿ ಅವರ ಮುಖ ನೋಡುವ ಆಸೆ. ಮೊಣಕಾಲೂರಿ, ಕೈ ಚಾಚಿ ಹೇಳಿದೆ:

"ಸಿಸ್ಟರಮ್ಮಾ! ಮೇಡ್ಲೇರಿಗೆ ಹೋದಾಕಿ ನೀವು! ಒಂಬತ್ತು ದಿನದ ಹಾಳಿ ಖಾಲಿ ಅದಾವು. ಅಕ್ಷರಾ ನಿಮ್ಮದು!"

ಅವರು ಸೂಜಿಗೆ ದಾರ ಪೋಣಿಸಿ ಮುಗಿಸಿದರು. "ಹಂಗಾರ ಪುಸ್ತಕ ನಿಮ್ಮ ಮನ್ಯಾಗ ಐತಿ," ಎಂದರು.

ಅರವತ್ತು ವರ್ಷದ ರಂಗಾನುಭವ, ಮಹಾಜನಗಳೇ. ಚಾಚಿದ ಕೈಯನ್ನು ಎಲ್ಲಿಡಬೇಕೆಂದೇ ಮರೆತೆ.

"ಉಡಚಪ್ಪ ಮೂರು ದಿವಸಾತು, ಹುಡುಕಾಕತ್ತಾನ. ನಿನ್ನೆ ಅಟ್ಟದ ಮ್ಯಾಲಿಂದ ಜಾರಿ ಮೊಣಕೈ ಕೆತ್ತಿಕೊಂಡಾನ. ಏಳ್ರಿ ಮ್ಯಾಲ, ಮೊಣಕಾಲು ನೋಯ್ತಾವು."

ಎದ್ದೆ. ಆದರೂ ಹಟ ಬಿಡಲಿಲ್ಲ. "ಎರಡನೇ ತಾರೀಖು ಸಾವಿರ ಮಂದಿ ಮುಂದ ನಿಮ್ಮ ಹೆಸರು ಕೂಗ್ತೀನ್ರಿ. ಮಂದಿಗೆ ಗೊತ್ತಾಗಬೇಕು."

"ಯಾರ ಸಲುವಾಗಿ?"

"ನಿಮ್ಮ ಸಲುವಾಗಿ!"

"ಹೌದೇನು?" ಎಂದು ಅವರು ನನ್ನನ್ನೇ ನೋಡಿದರು. ನಾನು ಬೂಂದಿಯ ಬುಟ್ಟಿ ನೋಡಿದೆ.

ಆಮೇಲೆ ಹೇಳಿದರು. ಅವರು ಹೇಳಿದಂತೆಯೇ ಬರೆದಿಡುತ್ತೇನೆ. "ಆ ಒಂಬತ್ತು ದಿವಸ ಮೇಡ್ಲೇರಿ ಕಡಿಂದ ಓಡಿ ಬಂದ ಮಂದಿ ಈ ಮನಿತುಂಬ ಇದ್ರು. ಉಳದ ಮೂರೂ ಸಿಸ್ಟರ್ ಜ್ವರದಾಗ ಬಿದ್ದಿದ್ರು. ಅಡಗಿ ಸಿಸ್ಟರ್ ಒಬ್ಬಾಕೀನ ಎಲ್ಲಾರಿಗೂ ಗಂಜಿ ಕಾಸಿ, ಜಡ್ಡಿನವರ ಹಾಸಗಿ ಒಗದು, ಇಬ್ರನ್ನ ಮಣ್ಣೂ ಮಾಡಿಸಿದ್ಲು. ಆಕಿಗೆ ಓದೂ ಬರಹ ಬರ್ತಿದ್ದಿಲ್ಲ. ಬಂದ ಮ್ಯಾಲ ನಾ ಕೇಳಿ ಬರೀಬೇಕಿತ್ತು. ತಾರೀಖು ಹಾಕಿದ್ನಿ. ಬರೀಲಿಲ್ಲ."

"ಯಾಕ್ರಿ?"

"ಹೊಟ್ಟಿಕಿಚ್ಚು, ಮಾಸ್ತರ. ನಾ ಹರಿಗೋಲಿನ್ಯಾಗ ಹೊಳಿ ದಾಟಿ ಜೀವ ಕೈಯಾಗ ಹಿಡಕೊಂಡು ಬಂದೀನಿ. ಇಲ್ಲಿ ಮಂದಿ ಬಾಯಾಗ ಬರೇ ಆಕಿ ಗಂಜಿ ಸುದ್ದಿ! ಇಪ್ಪತ್ತೇಳು ವರ್ಷದ ಹುಡುಗಿ ನಾನು. ಬರೀಲಿಲ್ಲ."

ಆ ಹೆಂಗಸಿನ ಹೆಸರು ಕೇಳಿದೆ. ನಕ್ಕರೇ ಹೊರತು ಹೇಳಲಿಲ್ಲ.

"ಮದರ್ ಸೆರಫಿನಾ ಆ ಖಾಲಿ ಹಾಳಿ ನೋಡಿದ್ರು. ಬೈಲಿಲ್ಲ. 'ಇನ್ನ ಮ್ಯಾಲ ಯಾರನ್ನ ಕಂಡ್ರ ನಿನ್ನ ಹೊಟ್ಟಿ ಉರೀತೈತೋ, ಆಕಿ ಮಾಡಿದ್ದು ಪುಟಗಟ್ಟಲೆ ಬರಿ. ನಿಂದು ಒಂದ ಸಾಲು' ಅಂದ್ರು. ಆ ಪುಸ್ತಕದಾಗ ಉದ್ದಕ ಬರದದ್ದೆಲ್ಲಾ ನನಗ ಸೇರದಿದ್ದವರ ಸುದ್ದೀನ. ದೇವರಗುಡ್ಡಕ್ಕ ಹೋದಾಕಿನ್ನ ಕಂಡ್ರಂತೂ ಆಗ್ತಿದ್ದಿಲ್ಲ. ಅದಕ್ಕ ಒಂದೂವರಿ ಪುಟ!"

ಹೀಗೆಂದು ಬಾಯಿ ತುಂಬ ನಕ್ಕರು. ಆಮೇಲೆ ಮೆಲ್ಲಗೆ, "ನೀವು ನನ್ನ ಹೆಸರು ಕೂಗಿದ್ರ, ಗಂಜಿ ಕಾಸಿದಾಕಿ ಇನ್ನೊಮ್ಮೆ ಅಳಿಸಿ ಹೋಗ್ತಾಳ. 'ಒಬ್ಬ ಭಗಿನಿ' ಅಂದ್ರ ಅದ್ರಾಗ ಆಕೀನೂ ಇರ್ತಾಳ," ಎಂದರು.

ನನಗೆ ಬರಬೇಕಿದ್ದ ಚಪ್ಪಾಳೆಯನ್ನೆಲ್ಲ ಈ ಮುದುಕಿ ಎರಡು ಮಾತಿನಲ್ಲಿ ಒಯ್ದರು. ಅವರ ಮೇಲೂ ಹೊಟ್ಟೆಕಿಚ್ಚಾಯಿತು. ಸುಳ್ಳೇಕೆ ಹೇಳಲಿ?

೨೭ ಜನವರಿ, ಶನಿವಾರ

ಸಭೆ ಇಂದು ಬರಖಾಸ್ತು.

೨೮ ಜನವರಿ, ಭಾನುವಾರ

ಪುಸ್ತಕ ಕಾನ್ವೆಂಟಿಗೆ ಮರಳಿತು. ಒಯ್ದವನು ಎಲ್ಲರೆದುರು ಒಪ್ಪಿಕೊಂಡ. ಬರುವಾಗ ಬಸ್ಸು ತಡ.

೧ ಫೆಬ್ರವರಿ, ಗುರುವಾರ. ಸಂಜೆ

ಉಡಚಪ್ಪನ ಬಗ್ಗೆ ಬರೆಯಬೇಕು. ಬರೆಯಲು ಕೂತು ಎರಡು ಸಲ ಎದ್ದು ನೀರು ಕುಡಿದೆ.

ಅವನು ಬೆಳಿಗ್ಗೆ ಐದಕ್ಕೆ ಎದ್ದು ಹಿತ್ತಲ ನಿಂಬೆಗಿಡಗಳಿಗೆ ನೀರು ಬಿಡುತ್ತಾನೆ. ಯಾವ ಗಿಡ ಯಾವ ಸಿಸ್ಟರ್ ನೆಟ್ಟದ್ದೆಂದು ಅವನಿಗೆ ಗೊತ್ತು, ಆದರೆ ಯಾರಿಗೂ ಹೇಳುವುದಿಲ್ಲ. ಹುಡುಗಿಯರಿಗೆ ಮನೆಯ ನೆನಪಾಗಿ ಅಳು ಬಂದರೆ ಗೇಟಿನ ಹತ್ತಿರದ ಕಟ್ಟೆಯ ಮೇಲೆ ಕೂರಿಸಿಕೊಂಡು ಶೇಂಗಾ ಸುಲಿದು ಕೊಡುತ್ತಾನೆ. ಮೊಣಕೈಯ ಪಟ್ಟಿ ಇನ್ನೂ ಬಿಚ್ಚಿಲ್ಲ. ಭಾನುವಾರ ಪುಸ್ತಕ ಮೇಜಿನ ಮೇಲೆ ಬಂದಾಗ ಎಲ್ಲರೂ ಒಯ್ದವನ ಮುಖ ನೋಡಿದರು. ಅವನೊಬ್ಬನೇ ಪುಸ್ತಕ ನೋಡಿದ. ಹಾಳೆ ಹರಿದಿಲ್ಲವೆಂದು ತಿರುವಿ ನೋಡಿ, "ಹಾಳೀನೂ ಮಡಚಿಲ್ಲ. ಅಣ್ಣಾರು ಛಲೋ ಇಟ್ಟಾರ," ಎಂದ. ಕುಹಕವಲ್ಲ. ಅವನಿಗೆ ಕುಹಕ ಬರುವುದಿಲ್ಲ. ಅದು ಬಂದಿದ್ದರೆ ಎಷ್ಟು ಚೆನ್ನಾಗಿತ್ತು!

ಆಮೇಲೆ ಕಟ್ಟೆಯ ಮೇಲೆ ಇಬ್ಬರೇ ಕೂತಾಗ ಕಾಗಿನೆಲೆಯ ಮಾತು ಬಂತು. ತೆಗೆದದ್ದು ಅವನಲ್ಲ. "ಅಂದು ಯಾಕ ಪರದೆ ಬಿಟ್ಟಿ ಉಡಚಪ್ಪ?"

ಅವನು ಶೇಂಗಾದ ಸಿಪ್ಪೆ ಊದಿದ. "ಅಣ್ಣಾರ, ಮಾತು ಮರತಿತ್ತಲ್ರಿ ನಿಮಗ. ನಿಮ್ಮ ತುಟಿ ನಡಗಾಕತ್ತಿದ್ದು ನನಗೊಬ್ಬಗ ಕಾಣ್ತಿತ್ತು. ಇನ್ನೊಂದು ಕ್ಷಣ ಆಗಿದ್ರ ಮಂದಿಗೂ ಕಾಣ್ತಿತ್ತು."

ಹೌದು. ಮಾತು ಮರೆತಿತ್ತು. ಇದನ್ನು ಹೆಂಡತಿಗೂ ಹೇಳಿಲ್ಲ, ಈ ನೋಟ್‌ಬುಕ್ಕಿಗೂ ಇಂದಿನವರೆಗೆ ಹೇಳಿರಲಿಲ್ಲ. ಸಾವಿರ ಜನರ ಮುಂದೆ ಬಾಯಿ ತೆರೆದು ನಿಂತಿದ್ದವನನ್ನು ಪರದೆ ಬಿಟ್ಟು ಉಳಿಸಿದವನು ಅವನು. ಮೂವತ್ತೆರಡು ವರ್ಷ ಬೈಸಿಕೊಂಡ. ಒಬ್ಬರಿಗೂ ಹೇಳಲಿಲ್ಲ.

ಒಂದು ಪುಟ ದಾಟಿತು. ಕೈ ನೋಯುತ್ತಿದೆ. ಹೊಟ್ಟೆ ಇನ್ನೂ ಉರಿಯುತ್ತಲೇ ಇದೆ. ನಾಳೆಯ ಚಪ್ಪಾಳೆ ಅವನದು, ಹಾವೇರಿಯ ಪತ್ರಿಕೆಯವರು ಫೋಟೊ ತೆಗೆಯುವುದು ಅವನದು. ಆದರೂ ಇದು ಬರೆಯಬೇಕಾದ ಮಾತು, ಬರೆದಾಯಿತು.

ನಾಟಕ ತಿದ್ದಿದ್ದಾಗಿದೆ. ಸೆರಫಿನಾ ತುಂಗಭದ್ರೆಗೆ ಸವಾಲು ಹಾಕುವ ಮಾತು ಹೋಯಿತು. ಮೂರು ಸಲ ಓದಿ, ಮೂರು ಸಲ ಮೆಚ್ಚಿ, ಗೀಟು ಎಳೆದದ್ದು. ಈಗ ಯಾವ ಹುಡುಗಿಗೂ ಹೆಸರಿಲ್ಲ. ದೃಶ್ಯ ಬದಲಾದಂತೆ ಒಂದೇ ಬಿಳಿ ಸೆರಗು ಒಬ್ಬಳ ತಲೆಯಿಂದ ಇನ್ನೊಬ್ಬಳ ತಲೆಗೆ ಹೋಗುತ್ತದೆ. ಮೇಡ್ಲೇರಿಯ ದೃಶ್ಯದಲ್ಲಿ ಹೊಳೆಯೇ ಇಲ್ಲ. ಉಡಚಪ್ಪ "ಒಬ್ಬ ಭಗಿನಿ ಹೋಗಿದ್ದಳು" ಎಂದು ಹೇಳಿ ಪಕ್ಕಕ್ಕೆ ಸರಿಯುತ್ತಾನೆ. ರಂಗದ ಮೇಲೆ ಭುವನಾ ಒಬ್ಬಳೇ. ಒಲೆ ಊದುತ್ತಾಳೆ, ಗಂಜಿ ತಿರುವುತ್ತಾಳೆ, ಹಾಸಿಗೆ ಕೊಡವುತ್ತಾಳೆ. ಮಾತಿಲ್ಲ, ಪೇಟಿಯ ಸಂಗೀತವಿಲ್ಲ. ನಿನ್ನೆ ತಾಲೀಮಿನಲ್ಲಿ ಆ ದೃಶ್ಯ ಮುಗಿದಾಗ ಸಿಸ್ಟರ್ ಅಪೋಲಿನ್ ತಮ್ಮ ಹೊಲಿಗೆಯನ್ನು ಮಡಿಲಲ್ಲಿ ಇಟ್ಟಿದ್ದರು. ನನ್ನ ಕೈಯ ಮೇಲೆ ಕೈ ಇಟ್ಟು ಎದ್ದು ಹೋದರು.

ಒಂದೇ ತೊಡಕು ಉಳಿದಿತ್ತು. ಉಡಚಪ್ಪ ರಂಗದ ಮೇಲೆ ನಿಂತರೆ ಪರದೆ ಎಳೆಯುವವರು ಯಾರು? ಬಾಡಿಗೆಯವನನ್ನು ತರುತ್ತೇವೆ ಎಂದರು ಸಿಸ್ಟರ್ ಜಸಿಂತಾ. ಬೇಡ ಎಂದಾಯಿತು. ಮಾತಿಲ್ಲದ ದೃಶ್ಯದಲ್ಲಿ ಬಾಡಿಗೆಯವನು ಹೆದರಿ ಬೇಗ ಬಿಟ್ಟುಬಿಡುತ್ತಾನೆ. ತಡೆದುಕೊಳ್ಳಬಲ್ಲವನು ಬೇಕು.

ಹಗ್ಗ ಯಾರ ಕೈಯಲ್ಲೆಂದು ಬಸವಣ್ಣೆವ್ವನಿಗೆ ಹೇಳಿದೆ. ಬಿದ್ದು ಬಿದ್ದು ನಗುತ್ತಾಳೆಂದುಕೊಂಡಿದ್ದೆ. ನನ್ನ ಹಳೆಯ ಜರಿ ಶಾಲನ್ನು ಪೆಟ್ಟಿಗೆಯಲ್ಲಿಟ್ಟು, ಕೆಲಸಕ್ಕೆ ಹಾಕುವ ಅಂಗಿಯನ್ನು ಒಗೆದು ಹಗ್ಗಕ್ಕೆ ಹಾಕಿದಳು. "ಬುತ್ತಿ ಇಬ್ರಿಗೆ ಆಗೂವಷ್ಟು ಕಟ್ತೀನಿ. ಅಂವಗೂ ಕೊಡ್ರಿ," ಎಂದಳು.

ಮಹಾಜನಗಳೇ, ಇನ್ನು ನೀವು ಮನೆಗೆ ಹೋಗಬಹುದು. ನಾಳೆ ಬೆಳಿಗ್ಗೆ ಆರರ ಬಸ್ಸಿಗೆ ಹಾವೇರಿಗೆ ಹೋಗಬೇಕು. ಎಲ್ಲರಿಗಿಂತ ಮೊದಲು ರಂಗಮಂದಿರ ಸೇರಿ, ರಾಟೆಗೆ ಎಣ್ಣೆ ಬಿಟ್ಟು, ಹಗ್ಗ ಎಳೆದು ನೋಡಿ, ಎಲ್ಲಿಯೂ ಕಿರ್ ಎನ್ನದಂತೆ ಮಾಡಬೇಕು. ಆಮೇಲೆ ಪಕ್ಕದ ಕತ್ತಲೆಯಲ್ಲಿ ನಿಂತು, ಭುವನಾ ಕೊನೆಯ ಹಾಸಿಗೆ ಕೊಡವಿದ ಮೇಲೆ, ಬಾಯಿ ಬಿಡದೆ ಒಂಬತ್ತು ಎಣಿಸಬೇಕು.

ಎಣಿಸಿದ ಮೇಲೆ ಪರದೆ.